ಮಕ್ಕಳನ್ನ ಕರ್ಕೊಂಡು ಎಲ್ಲಿ ಕೂತು ಉಣ್ಣಬೇಕ್ರಿ?



ಪೋಸ್ಟ್ ಸ್ವಲ್ಪ ಉದ್ದ ಅದ. ಊಟದ ವಿಚಾರ ಅದ. ಪುರುಸೊತ್ತು ಮಾಡ್ಕೊಂಡು ಓದ್ರಿ, ಕಡೀಗೆ ಒಂದು ಕೆಲಸಾನೂ ಹೇಳೀನಿ.

ಹೋದ ತಿಂಗಳು ಚಿತ್ತಾಪುರದಲ್ಲಿ ನಮ್ಮ ಸಂಘದ ಸಭೆ ಇತ್ತು. ಮುಂದಿನ ಸಭೆ ಚಿಂಚೋಳಿಯಲ್ಲಿ ಅಂತ ತೀರ್ಮಾನ ಆಯ್ತು. ನಾನು ಎದ್ದು ನಿಂತು, "ಚಿಂಚೋಳಿ ಬಸ್ ಸ್ಟ್ಯಾಂಡ್ ಬಾಜೂಕ ಸಣ್ಣ ಮಕ್ಕಳನ್ನ ಕರ್ಕೊಂಡು ಆರಾಮ ಕೂತು ಉಣ್ಣೋವಂಥ ಜಾಗ ಯಾವುದರೆ ಅದ ಏನ್ರಿ?" ಅಂತ ಕೇಳಿದೆ. ಒಂದಿಬ್ಬರು ನಕ್ಕರು. ಹಿರಿಯ ಅಣ್ಣ ಒಬ್ಬರು, "ತಂಗೀ, ನಾವಿಲ್ಲಿ ಒಳಮೀಸಲಾತಿ ಮಾತಾಡ್ಲತ್ತೀವಿ, ನೀ ಹೋಟೆಲ್ ಕೇಳ್ಲತ್ತೀ" ಅಂದರು. ನಾನೂ ನಕ್ಕು ಕೂತೆ. ಸೇಡಂ ಗಾಡಿ ಹತ್ತಿದ ಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಆ ಅಣ್ಣನ ಮೇಲೆ ನನಗೆ ಗೌರವ ಅದ. ಅವರು ಜೈಲು ನೋಡಿದವರು, ಲಾಠಿ ತಿಂದವರು. ಆದರೆ ಅವರು ಸಭೆಗೆ ಬರುವಾಗ ಒಂದು ಹೆಗಲ ಚೀಲ ತಗೊಂಡು ಬರ್ತಾರ. ನಾನು ಬರುವಾಗ ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು, ಎರಡು ಬಾಟಲಿ ನೀರು, ಒಂದು ಜತೆ ಚಡ್ಡಿ, ಒಂದು ಟವೆಲ್, ಬಿಸ್ಕೀಟ್ ಪುಡಿಕೆ ತಗೊಂಡು ಬರ್ತೀನಿ. ಮನೆಯವರು ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸ, ಭಾನುವಾರ ಶಿಫ್ಟ್ ಬಿದ್ದರೆ ಬಿತ್ತು. ಅತ್ತೆ ತೀರಿಕೊಂಡು ಮೂರು ವರ್ಷ ಆಯ್ತು. ಮಕ್ಕಳನ್ನ ಯಾರ ಹತ್ತಿರ ಬಿಡಲಿ? ಸೋಮವಾರದಿಂದ ಶನಿವಾರ ಆಫೀಸಿನಲ್ಲಿ ಫೈಲು ಕಟ್ಟುವುದು, ಭಾನುವಾರ ಸಂಘ. ಹಂಗಾಗಿ ನನ್ನ ಮಕ್ಕಳು ಮಾತು ಕಲಿಯೋಕಿಂತ ಮೊದಲೇ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರಿನ ಬಸ್ ಸ್ಟ್ಯಾಂಡ್ ನೋಡ್ಯಾರ.

ಹೊರಗಿನವರಿಗೆ ಈ ಊರುಗಳು ಗೊತ್ತಿರುವುದು ಸಿಮೆಂಟಿನಿಂದ, ಫರ್ಸಿ ಕಲ್ಲಿನಿಂದ, ತೊಗರಿಯಿಂದ. ರೈಲಿನವರಿಗೆ ವಾಡಿ ಜಂಕ್ಷನ್ ಗೊತ್ತು. ನಿಜಾಮರ ಕಾಲದಲ್ಲಿ, 1874ರಲ್ಲಿ ಸಿಕಂದರಾಬಾದ್‌ನಿಂದ ವಾಡಿಗೆ ರೈಲು ಬಂತು. ಆ ಲೈನ್ ಮೇಲೇ ಚಿತ್ತಾಪುರ ಮತ್ತು ಸೇಡಂ ಅವ. ಶಹಾಬಾದ್ ವಾಡಿಯಿಂದ ಕಲಬುರಗಿ ಕಡೆ ಹೋಗುವ ದಾರಿಯಲ್ಲಿ ಸಿಗ್ತದ. ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ, ಬಸ್ಸೇ ಗತಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ನನ್ನ ಟಿಕೆಟ್ ಖರ್ಚು ಉಳೀತು. ನನ್ನದೊಂದೇ ಅಲ್ಲ. ತವರಿಗೆ, ದವಾಖಾನೆಗೆ, ಸಂತೆಗೆ, ಕೂಸು ಕಂಕುಳಲ್ಲಿ ಇಟ್ಕೊಂಡು ಹೊರಟ ಹೆಣ್ಮಕ್ಕಳನ್ನ ನೋಡ್ರಿ, ಬಸ್ ತುಂಬ ಅವರೇ. ಸರ್ಕಾರ ಬಸ್ಸಿನ ಬಾಗಿಲು ತೆಗೀತು, ಭೇಷ್ ಆಯ್ತು. ಬಸ್ ಇಳಿದ ಮೇಲೆ ಆ ತಾಯಿ ಕೂಸಿಗೆ ಎಲ್ಲಿ ಉಣಿಸ್ತಾಳ, ಎಲ್ಲಿ ಹಾಲು ಕುಡಿಸ್ತಾಳ, ಎಲ್ಲಿ ಒಂದಕ್ಕ ಕೂಡಿಸ್ತಾಳ ಅಂತ ಯಾರೂ ಕೇಳಲಿಲ್ಲ. ನಮ್ಮ ಸಂಘಟನೆಗಳೂ ಕೇಳಲಿಲ್ಲ.

ನಾನು ಶಹಾಬಾದ್‌ನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಕಲ್ಲಿನ ಖಣಿಯಲ್ಲಿ ಕೆಲಸ ಮಾಡ್ತಿದ್ದ. ನಾನು ಸಣ್ಣಾಕಿ ಇದ್ದಾಗ ಅವ್ವ ವರ್ಷಕ್ಕೆ ಎರಡು ಮೂರು ಸಲ ನಮ್ಮನ್ನ ಕರ್ಕೊಂಡು ಗುಲಬರ್ಗಾಕ್ಕ ಹೋಗ್ತಿದ್ದಳು. ಪ್ರತಿ ಸಲ ಬುತ್ತಿ ಕಟ್ಟುತ್ತಿದ್ದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಟೇಶನ್ ಹೊರಗೆ ಒಂದು ಬೇವಿನ ಗಿಡದ ಕೆಳಗೆ ಕೂತು ಉಣ್ಣುತ್ತಿದ್ದೆವು. ಎದುರಿಗೇ ಹೋಟೆಲ್ ಇತ್ತು, ವಡಾ ಕರಿಯುವ ವಾಸನೆ ಬರ್ತಿತ್ತು. ನಮ್ಮವ್ವನಿಗೆ ಆ ಗಿಡ ಅಂದ್ರೆ ಬಾಳ ಇಷ್ಟ ಅಂತಲೇ ನಾನು ಎಷ್ಟೋ ವರ್ಷ ತಿಳಕೊಂಡಿದ್ದೆ. ಅಪ್ಪ ತನ್ನ ಹುಟ್ಟೂರಿಗೆ ಹೋದಾಗ ಚಾ ಅಂಗಡಿ ಹೊರಗೆ ನಿಂತು ಚಿಪ್ಪಿನಲ್ಲಿ ಕುಡಿಯುವುದನ್ನ ನೋಡಿದ ದಿನ ನನಗೆ ಗಿಡದ ವಿಚಾರ ತಿಳೀತು. ನಾನು ಹೋಟೆಲ್ ಒಳಗೆ ಕುರ್ಚಿ ಮೇಲೆ ಕೂತು ಮೊದಲ ಸಲ ಇಡ್ಲಿ ತಿಂದದ್ದು ಪಿಯುಸಿಯಲ್ಲಿ, ಹಾಸ್ಟೆಲ್ ಗೆಳತಿಯರ ಜೊತೆ. ಅವ್ವ ಸಾಯೋತನಕ ಹೋಟೆಲ್ ಮೆಟ್ಟಿಲು ಹತ್ತಲಿಲ್ಲ. ಕರೆದರೆ, "ಹೊರಗಿನದು ನನಗ ಜೀರ್ಣ ಆಗಲ್ಲವ್ವ" ಅಂತಿದ್ದಳು.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ 1901ರ ಆ ಪ್ರಯಾಣ ನೆನಪಿರಬೇಕು. ಸಾತಾರಾದಿಂದ ಅಪ್ಪನ ಹತ್ತಿರ ಹೊರಟ ಮಕ್ಕಳು. ಬಾಬಾಸಾಹೇಬರು, ಅವರ ಅಣ್ಣ, ತೀರಿಹೋದ ಅಕ್ಕನ ಮಕ್ಕಳು. ಹೊಸ ಬಟ್ಟೆ ಹಾಕಿಕೊಂಡು ಮಸೂರ್ ಸ್ಟೇಶನ್‌ನಲ್ಲಿ ಇಳಿದರು, ಕರ್ಕೊಂಡು ಹೋಗಲಿಕ್ಕೆ ಯಾರೂ ಬಂದಿರಲಿಲ್ಲ. ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ, ಅದೂ ಮಕ್ಕಳೇ ಗಾಡಿ ಹೊಡೀಬೇಕು, ಅವನು ಬಾಜೂಕ ನಡೀತಾನ ಅನ್ನುವ ಕರಾರಿನ ಮೇಲೆ. ರಾತ್ರಿ ಹಸಿವಾಯ್ತು. ಬುಟ್ಟಿ ತುಂಬ ಊಟ ಇತ್ತು, ಕುಡಿಯಲಿಕ್ಕೆ ನೀರಿರಲಿಲ್ಲ. ಟೋಲ್ ನಾಕಾದವನ ಹತ್ತಿರ ಮುಸಲ್ಮಾನರು ಅಂತ ಹೇಳಿಕೊಂಡು ನೀರು ಕೇಳಿದರು, ಅವನೂ ಕೊಡಲಿಲ್ಲ. ಊಟ ಇಟ್ಕೊಂಡೇ ಉಪವಾಸ ಮಲಗಿದರು. ಬಾಬಾಸಾಹೇಬರು ಅಸ್ಪೃಶ್ಯತೆ ಅಂದರೇನು ಅಂತ ವಿದೇಶದವರಿಗೆ ತಿಳಿಸಬೇಕು ಅಂತ ಕೂತಾಗ ಮೊದಲು ಬರೆದದ್ದೇ ಇದನ್ನ. ಸಣ್ಣ ಮಕ್ಕಳು, ಪ್ರಯಾಣ, ಊಟ, ನೀರು. ನಮ್ಮ ಹಿರಿಯ ಅಣ್ಣನಿಗೆ ಇದು ಚಳವಳಿ ವಿಚಾರ ಅನ್ನಿಸಲಿಲ್ಲ ನೋಡ್ರಿ.

ಈಗ ಕಾಲ ಬದಲಾಗ್ಯಾದ ಅಂತೀರಿ. ಬದಲಾಗ್ಯಾದ, ನಾನೂ ಒಪ್ತೀನಿ. ಬದಲಾದದ್ದು ಎಲ್ಲಿ, ಬದಲಾಗದೇ ಉಳಿದದ್ದು ಎಲ್ಲಿ ಅನ್ನುವುದನ್ನ ಮಕ್ಕಳ ಹೊಟ್ಟೆ ಲೆಕ್ಕದಲ್ಲಿ ಹೇಳ್ತೀನಿ.

ರೈಲು ಟೇಶನ್‌ಗೆ ಒಂದು ಗುಣ ಅದ. ಹಿಂದಿನ ಕಾಲದಲ್ಲಿ ಅಲ್ಲೂ ಹಿಂದೂ ಪಾನಿ, ಮುಸಲ್ಮಾನ್ ಪಾನಿ ಅಂತ ಬೇರೆ ಬೇರೆ ಇತ್ತು. ಈಗ ವಾಡಿ ಪ್ಲಾಟ್‌ಫಾರಂ ಮೇಲೆ ಇಡ್ಲಿ ವಡಾ ಮಾರುವವನಿಗೆ ಗಾಡಿ ಬಿಡೋದ್ರೊಳಗೆ ರೊಕ್ಕ ಇಸ್ಕೊಳ್ಳುವ ಅವಸರ. ನೀನು ಯಾರ ಪೈಕಿ ಅಂತ ಕೇಳಲಿಕ್ಕೆ ಅವನಿಗೆ ಹೊತ್ತಿಲ್ಲ. ಮಕ್ಕಳನ್ನ ಬೆಂಚ್ ಮೇಲೆ ಕೂಡಿಸಿ ಇಡ್ಲಿ ಮುರಿದು ಕೊಟ್ಟರೆ ಆಯ್ತು. ಚಟ್ನಿ ಖಾರ ಇರ್ತದ, ಅದನ್ನ ಬಿಟ್ಟು ಬಾಳೆಹಣ್ಣು ಕಿವುಚಿ ಇಡ್ಲಿ ಜೊತೆ ಕೊಡ್ರಿ, ನನ್ನ ಸಣ್ಣಾಕಿ ಹಂಗೇ ತಿಂತಾಳ.

ನಮ್ಮ ಭಾಗದ ಊಟದ ಮೊದಲ ಕಷ್ಟ ಜಾತಿಗಿಂತ ಮುಂಚೆ ಖಾರ. ಮುಂಜಾನೆ ಸುಸಲಾ, ಮಿರ್ಚಿ ಭಜಿ. ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಬದ್ನಿಕಾಯಿ, ಪುಂಡಿಪಲ್ಯ, ಮ್ಯಾಲ ಹಿಂಡಿ. ನನಗೆ ಬಾಯಲ್ಲಿ ನೀರು ಬರ್ತದ, ಮಕ್ಕಳಿಗೆ ಕಣ್ಣಲ್ಲಿ ಬರ್ತದ. ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದದ. ಹನ್ನೆರಡೂವರೆ ಒಳಗೆ ಖಾನಾವಳಿಗೆ ಹೋಗ್ರಿ. ಒಗ್ಗರಣೆ ಬೀಳೋಕಿಂತ ಮುಂಚೆ ಬರೇ ಬೇಯಿಸಿದ ಬ್ಯಾಳಿ ಒಂದು ಬಟ್ಟಲು ಕೇಳ್ರಿ. ತೊಗರಿ ನಾಡು ಇದು, ನಮ್ಮ ಕಲಬುರಗಿ ತೊಗರಿಬ್ಯಾಳಿಗೆ ಜಿಐ ಟ್ಯಾಗ್ ಕೂಡ ಸಿಕ್ಕದ, ಎಲ್ಲ ಖಾನಾವಳಿಯಲ್ಲೂ ದೊಡ್ಡ ಪಾತ್ರೆಯಲ್ಲಿ ಕುದಿತಿರ್ತದ. ಅದನ್ನ ಬಿಸಿ ಅನ್ನಕ್ಕೆ ಹಾಕಿ ಸ್ವಲ್ಪ ಉಪ್ಪು ಕಲಸಿದರೆ ಮಕ್ಕಳು ಮಾತಾಡದೆ ಉಣ್ತಾವ. ಗಲ್ಲಾದಲ್ಲಿ ಕೂತ ಗಂಡಸಿಗೆ ಕೇಳಿದರೆ "ಹಂಗೆಲ್ಲ ಕೊಡಲ್ರಿ" ಅಂತಾನ. ಒಳಗೆ ರೊಟ್ಟಿ ಬಡಿಯುವ ಅವ್ವನಿಗೆ ಕೇಳ್ರಿ. ಒಂದು ಸಲ ಶಹಾಬಾದ್‌ನಲ್ಲಿ ಒಬ್ಬ ಅವ್ವ ಕೇಳದೇನೇ ಬಿಸಿ ರೊಟ್ಟಿ ಮೇಲೆ ಬೆಲ್ಲ ಹಚ್ಚಿ ಸುರುಳಿ ಮಾಡಿ ಇಬ್ಬರ ಕೈಗೂ ಕೊಟ್ಟಳು. ರೊಕ್ಕ ಕೊಟ್ಟರೆ ಮುಟ್ಟಲಿಲ್ಲ.

ಮೊಟ್ಟೆ ವಿಚಾರ ಹೇಳಲೇಬೇಕು. ಪ್ರಯಾಣದಲ್ಲಿ ಮಕ್ಕಳಿಗೆ ಕುದಿಸಿದ ಮೊಟ್ಟೆಗಿಂತ ಅನುಕೂಲದ ಊಟ ಯಾವುದದ? ಸಿಪ್ಪೆ ಇರ್ತದ, ಯಾರ ಕೈಯೂ ತಾಕಿರಲ್ಲ, ಹೊಟ್ಟೆ ತುಂಬ್ತದ. ಆದರೆ ಎಗ್ ಗಾಡಿ ನಮ್ಮ ಊರುಗಳಲ್ಲಿ ಸಂಜೆ ಮೇಲೆ ಬರ್ತಾವ, ಅದೂ ಬಾರ್ ಬಾಜೂಕ. ಹಗಲಿಗೆ ಬಸ್ ಸ್ಟ್ಯಾಂಡ್ ಎದುರು ಬರೇ 'ಶುದ್ಧ ಸಸ್ಯಾಹಾರಿ' ಬೋರ್ಡು. ಶುದ್ಧ ಅಂದ್ರೆ ಏನ್ರಿ? ನಾವು ಉಣ್ಣುವುದು ಅಶುದ್ಧವೇನು? 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲಿಕ್ಕೆ ಶುರು ಮಾಡಿದಾಗ ಮಠಗಳಿಂದ ಎಂಥ ಮಾತು ಬಂದವು ಅಂತ ನಿಮಗೆಲ್ಲ ನೆನಪದ. ಮಕ್ಕಳು ಮಾತ್ರ ಸಾಲು ಹಚ್ಚಿ ನಿಂತು ತಿಂದವು.

ಬೋರ್ಡಿನ ಮಾತು ಬಂತು. ಉತ್ತರ ಕರ್ನಾಟಕದ ಯಾವ ಊರಿಗೆ ಹೋದರೂ 'ಲಿಂಗಾಯತ ಖಾನಾವಳಿ' ಬೋರ್ಡು ಸಿಗ್ತದ. ಬ್ರಾಹ್ಮಣರ ಹೆಸರಿನ ಹೋಟೆಲ್ ಸಿಗ್ತಾವ. ಅವರು ತಮ್ಮ ಜಾತಿ ಹೆಸರಿಟ್ಟರೆ ಅದು ರುಚಿಯ ಗ್ಯಾರಂಟಿ. 'ಹೊಲೆಯರ ಖಾನಾವಳಿ', 'ಮಾದಿಗರ ಚಾದಂಗಡಿ' ಅಂತ ಒಂದು ಬೋರ್ಡು ಯಾರಾದರೂ ನೋಡೀರೇನು? ನನ್ನ ಪರಿಚಯದ ನಮ್ಮವರೇ ಒಬ್ಬರು ಐದರಲ್ಲಿ ಒಂದು ಊರಿನಲ್ಲಿ ಸಣ್ಣ ಹೋಟೆಲ್ ಇಟ್ಟಾರ. ಬೋರ್ಡಿಗೆ ದೇವರ ಹೆಸರು, ಗೋಡೆಗೆ ದೇವರ ಫೋಟೋ. ಬಾಬಾಸಾಹೇಬರ ಫೋಟೋ ಒಳಗೆ ಅಡುಗೆ ಮನೆಯಲ್ಲಿ ಅದ. "ಹೊರಗ ಹಾಕಿದ್ರ ಗಿರಾಕಿ ಅರ್ಧ ಆಗ್ತಾವ ಅಕ್ಕ" ಅಂದರು. ಅವರಿಗೂ ಮಕ್ಕಳಿದ್ದಾರ, ನಾನು ಏನೂ ಹೇಳಲಿಲ್ಲ. ಊರಿನ ಹೆಸರನ್ನೂ ಇಲ್ಲಿ ಹೇಳಲ್ಲ.

ಮುಸ್ಲಿಂ ಹೋಟೆಲ್‌ಗಳ ಬಗ್ಗೆ ನಮ್ಮ ಹಿರಿಯರಿಗೆ ಮೊದಲಿಂದ ಒಂದು ಸಲಿಗೆ. ಅಲ್ಲಿ ಚಾ ಎಲ್ಲರಿಗೂ ಒಂದೇ ಕಪ್ಪಿನಲ್ಲಿ ಬರ್ತಿತ್ತು ಅಂತ ಅಪ್ಪ ಹೇಳ್ತಿದ್ದ. ನನಗೂ ಮಕ್ಕಳ ಜೊತೆ ಅಲ್ಲೇ ಆರಾಮ. ಪರದೆ ಹಾಕಿದ ಫ್ಯಾಮಿಲಿ ರೂಂ ಇರ್ತದ, ಎಳೆ ಕೂಸಿನ ತಾಯಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಖುಷ್ಕಾ ಒಂದು ಪ್ಲೇಟ್ ಹೇಳಿ ಮೊಸರು ಹಾಕಿದರೆ ಇಬ್ಬರದೂ ಊಟ ಮುಗೀತದ. ಹೈದರಾಬಾದ್ ಗಾಳಿ ಇರುವ ಊರುಗಳಲ್ಲವೇ, ಚಾ ಜೊತೆ ಉಸ್ಮಾನಿಯಾ ಬಿಸ್ಕೀಟ್ ಸಿಗ್ತಾವ, ಮಗ ಅದಕ್ಕಾಗೇ ಸಭೆಗೆ ಬರ್ತೀನಿ ಅಂತಾನ. ಈ ನಾಲ್ಕೈದು ವರ್ಷದಿಂದ "ಅವರ ಹೋಟೆಲ್‌ಗೆ ಹೋಗಬ್ಯಾಡ್ರಿ" ಅಂತ ವಾಟ್ಸಾಪ್‌ನಲ್ಲಿ ಬರುವ ಮೆಸೇಜುಗಳನ್ನ ನಮ್ಮ ಓಣಿ ಹುಡುಗರೇ ಫಾರ್ವರ್ಡ್ ಮಾಡ್ತಾರ. ತಮ್ಮಾ, ನಿಮ್ಮ ಅಜ್ಜನಿಗೆ ಕಪ್ಪಿನಲ್ಲಿ ಚಾ ಕೊಟ್ಟವರು ಯಾರು ಅಂತ ಒಂದು ಸಲ ಮನೆಯಲ್ಲಿ ಕೇಳ್ರಿ.

ಇನ್ನ ಆ ದಿನದ ಮಾತು. ಐದು ಊರುಗಳಲ್ಲಿ ಒಂದು, ಯಾವುದು ಅಂತ ಬೇಡ. ಮಧ್ಯಾಹ್ನ ಎರಡು ಗಂಟೆ, ಬಿಸಿಲು ನೆತ್ತಿ ಸುಡ್ಲತ್ತಿತ್ತು. ಸಭೆಯಲ್ಲಿ ಊಟ ಇನ್ನೂ ಬಂದಿರಲಿಲ್ಲ, ಸಣ್ಣಾಕಿ ಅಳಲಿಕ್ಕೆ ಶುರು ಮಾಡಿದಳು. ಇಬ್ಬರನ್ನೂ ಕರ್ಕೊಂಡು ಹತ್ತಿರದ ಒಂದು ಹೋಟೆಲ್‌ಗೆ ಹೋದೆ. ಮಗನ ಬ್ಯಾಗಿಗೆ ನೀಲಿ ಬ್ಯಾಡ್ಜ್ ಇತ್ತು, ಬಾಬಾಸಾಹೇಬರದ್ದು. ಗಲ್ಲಾದಲ್ಲಿ ಕೂತವರು ಅದನ್ನ ನೋಡಿದರು, ನನ್ನನ್ನ ನೋಡಿದರು. "ಯಾವೂರವ್ವ? ಯಾವ ಓಣಿ?" ಅಂದರು. ಹೇಳಿದೆ. ಹಿಂದಿನ ಮೂಲೆ ಟೇಬಲ್ ತೋರಿಸಿದರು. ಹುಡುಗ ನೀರು ತಂದಿಟ್ಟ. ಮೂರು ಪೇಪರ್ ಕಪ್ಪು.

ಪೇಪರ್ ಕಪ್ ಏನು ತಪ್ಪು? ಸ್ವಚ್ಛ ಇರ್ತದ. ನಾನೂ ಹಾಗೇ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಮಗಳು ಕೇಳಿದಳು, "ಅವ್ವಾ, ಆ ಅಣ್ಣಗ ಸ್ಟೀಲ್ ಗಿಲಾಸ್, ನನಗ್ಯಾಕ ಇದು?" ಬಾಜೂಕಿನ ಟೇಬಲ್‌ನಲ್ಲಿ ನನ್ನ ಮಗನಷ್ಟೇ ವಯಸ್ಸಿನ ಹುಡುಗ, ಕೈಯಲ್ಲಿ ಸ್ಟೀಲ್ ಗಿಲಾಸ್. ಸುತ್ತ ನೋಡಿದೆ. ಎಲ್ಲ ಟೇಬಲ್ ಮೇಲೂ ಸ್ಟೀಲ್.

ಇಪ್ಪತ್ತು ವರ್ಷದಿಂದ ಭಾಷಣ ಮಾಡ್ತೀನಿ. ಎರಡು ಲೋಟದ ಪದ್ಧತಿ ಬಗ್ಗೆ ಎಷ್ಟು ಸಲ ಮಾತಾಡೀನೋ ಲೆಕ್ಕ ಇಲ್ಲ. ಅವತ್ತು ನಾಲಿಗೆ ಏಳಲಿಲ್ಲ. ಜಗಳ ಮಾಡಿದರೆ ಎದ್ದು ಹೋಗಬೇಕು. ಎದ್ದು ಹೋದರೆ ಮಕ್ಕಳು ಹಸಿದಿದ್ದಾವ. ಗಂಡಸರಿಗೆ ಈ ತೊಂದರೆ ಅರ್ಥ ಆಗಬೇಕು ಅಂತಲೇ ಇದನ್ನ ಬರೀಲತ್ತೀನಿ. ಒಬ್ಬನೇ ಇರುವ ಗಂಡಸು ಟೇಬಲ್ ಗುದ್ದಿ ಎದ್ದು ಹೋಗಬಹುದು. ಮಡಿಲಲ್ಲಿ ಹಸಿದ ಕೂಸು ಇರುವ ತಾಯಿ ಮೊದಲು ಊಟದ ಲೆಕ್ಕ ಹಾಕ್ತಾಳ. ನಮ್ಮವ್ವ ಬೇವಿನ ಗಿಡದ ಕೆಳಗೆ ಕೂತದ್ದೂ ಇದೇ ಲೆಕ್ಕದಲ್ಲಿ. ಅವಳು ಹೆದರಿ ಹೊರಗೆ ಕೂತಿರಲಿಲ್ಲ ಅಂತ ಅವತ್ತು ಅನ್ನಿಸಿತು. ಮಕ್ಕಳ ಎದುರು ಆ ಪ್ರಶ್ನೆ ಬರಬಾರದು ಅಂತ ಕೂತಿದ್ದಳು.

ಇಡ್ಲಿ ಬರಲಿ ಅಂತ ಕಾದೆ. ಮಕ್ಕಳು ತಿಂದವು. ಆಮೇಲೆ ಹುಡುಗನನ್ನ ಕರೆದು, "ತಮ್ಮಾ, ನಮಗೂ ಸ್ಟೀಲ್ ಗಿಲಾಸ್ನ್ಯಾಗ ನೀರು ತಗೊಂಬಾ" ಅಂದೆ. ಅವನು ಗಲ್ಲಾ ಕಡೆ ನೋಡಿದ. ಗಲ್ಲಾದವರು, "ಕೂಸು ಬೀಳಸ್ತಾದ ಅಂತ ಪೇಪರ್ ಕಪ್ ಕೊಟ್ಟೀವ್ರಿ" ಅಂದರು. "ನಾ ಕೂಸಲ್ಲಲ್ರೀ, ನನಗರೆ ತರಸ್ರಿ" ಅಂದೆ. ಬಾಜೂಕಿನವರು ಉಣ್ಣುವುದು ಬಿಟ್ಟು ನೋಡಿದರು. ಗಿಲಾಸು ಬಂತು. ಮಗಳು ಎರಡೂ ಕೈಯಲ್ಲಿ ಹಿಡಿದು ಪೂರಾ ಕುಡಿದಳು, ಒಂದು ಹನಿ ಬೀಳಿಸಲಿಲ್ಲ. ರೊಕ್ಕ ಕೊಟ್ಟು ಬಂದೆ. ಹೊರಗೆ ಬಂದ ಮೇಲೆ ಕಾಲು ನಡುಗಲಿಕ್ಕೆ ಹತ್ತಿದವು.

ಇದನ್ನ ಹೇಳಿದಾಗ ಗೆಳೆಯರಲ್ಲಿ ಅರ್ಧ ಮಂದಿ ಕೇಸ್ ಹಾಕಬೇಕಿತ್ತು ಅಂದರು, ಅರ್ಧ ಮಂದಿ ಇಷ್ಟಕ್ಕೆಲ್ಲ ಯಾಕ ಅಂದರು. ಕಾನೂನು ಏನದ ಅಂತ ಹೇಳ್ತೀನಿ, ಸೇವ್ ಮಾಡಿ ಇಟ್ಕೊಳ್ರಿ. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲ್, ಸಾರ್ವಜನಿಕ ಉಪಾಹಾರ ಗೃಹಗಳ ಹೆಸರೇ ಹೇಳಿ ಬರೆದಾರ, ಜಾತಿ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂನಲ್ಲಿ ಒಳಗೆ ಬಿಡದಿರುವುದರ ಜೊತೆಗೆ ಹೋಟೆಲ್‌ನ ಪಾತ್ರೆ ಪಗಡ ಬಳಸಲು ಬಿಡದಿರುವುದೂ ಅಪರಾಧ. ಶಿಕ್ಷೆ ಒಂದು ತಿಂಗಳಿಂದ ಆರು ತಿಂಗಳು, ದಂಡ 100ರಿಂದ 500 ರೂಪಾಯಿ. ಇವತ್ತು 500 ರೂಪಾಯಿಗೆ ಒಂದು ಸಂಸಾರ ಹೋಟೆಲ್‌ನಲ್ಲಿ ಉಂಡು ಬರಬಹುದು ಅಷ್ಟೇ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಗಿ 3(1)(ಝಡ್‌ಎ) ಅಂತ ಸೇರಿತು. ಸಾರ್ವಜನಿಕರಿಗೆ ಇಟ್ಟ ಪಾತ್ರೆ, ವಸ್ತು ಬಳಸಲು ತಡೆದರೆ ಆರು ತಿಂಗಳಿಂದ ಐದು ವರ್ಷ.

ಆದರೆ ಪೇಪರ್ ಕಪ್ಪನ್ನ ಯಾವ ಕೋರ್ಟಿನಲ್ಲಿ ಸಾಬೀತು ಮಾಡ್ತೀರಿ? ಮೊದಲು ಚಿಪ್ಪು ಇತ್ತು, ಅದು ಚಿಪ್ಪು ಅಂತ ಎಲ್ಲರಿಗೂ ಕಾಣ್ತಿತ್ತು. ಆಮೇಲೆ ಪ್ಲಾಸ್ಟಿಕ್ ಲೋಟ ಬಂತು. ಈಗಿನದು ಕುಡಿದು ಬಿಸಾಕಿದರೆ ಸಾಕ್ಷಿಯೂ ಕಸದ ಬುಟ್ಟಿಗೆ ಹೋಗ್ತದ. ಎಲ್ಲರಿಗೂ ಪೇಪರ್ ಕಪ್ ಕೊಡುವ ಹೋಟೆಲ್ ಮೇಲೆ ನನ್ನ ತಕರಾರಿಲ್ಲ. ಅದಕ್ಕೇ ನಾನು ಹೇಳುವುದು, ಒಳಗೆ ಹೋದ ಕೂಡಲೆ ಬಾಕಿ ಟೇಬಲ್ ನೋಡ್ರಿ. ಬೇರೆ ಇದ್ದರೆ ಕೇಳ್ರಿ, ಸಮಾಧಾನದಲ್ಲಿ ಕೇಳ್ರಿ, ನಾಲ್ಕು ಮಂದಿಗೆ ಕೇಳಿಸುವಂಗ ಕೇಳ್ರಿ. ಅದರ ಮೇಲೂ ಕೊಡದಿದ್ದರೆ ಆಗ ಕೇಸಿನ ಮಾತು.

ಇಷ್ಟಕ್ಕೆಲ್ಲ ಯಾಕ ಅನ್ನುವವರು ಕೊಪ್ಪಳ ಜಿಲ್ಲೆಯ ಮರಕುಂಬಿ ನೆನಪಿಸಿಕೊಳ್ಳಲಿ. ಅಲ್ಲಿ ದಲಿತರಿಗೆ ಹೋಟೆಲ್ ಮತ್ತು ಕ್ಷೌರದಂಗಡಿ ಪ್ರವೇಶದ ತಕರಾರು ಬೆಳೆದು 2014ರಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಿಂದ ಹೆಚ್ಚಿನವರಿಗೆ ಜಾಮೀನೂ ಸಿಕ್ಕಿತು. ಅದೇ ಜಿಲ್ಲೆಯ ಮಿಯಾಪುರದಲ್ಲಿ 2021ರಲ್ಲಿ ಮಳೆ ಬಂತು ಅಂತ ಒಂದು ಸಣ್ಣ ಕೂಸು ಗುಡಿಯೊಳಗೆ ಓಡಿಹೋಗಿದ್ದಕ್ಕೆ ಅದರ ಮನೆಯವರಿಗೆ 25,000 ರೂಪಾಯಿ ದಂಡ ಹಾಕಿದ್ದರು. ಗೆರೆ ಎಲ್ಲದ ಅಂತ ಮಕ್ಕಳಿಗೆ ಗೊತ್ತಿರಲ್ಲ. ಓಡಿಹೋಗ್ತಾವ, ಕೈ ಚಾಚ್ತಾವ. ಮೊದಲು ಸಿಕ್ಕಿಬೀಳುವುದೂ ಅವೇ.

ಈಗ ನಮ್ಮ ಮನೆಯ ಮಾತು. ಹೊರಗಿನವರನ್ನ ಬೈಯುವುದು ಸುಲಭ. ಆ ದಿನ ನಾನು ಆ ಹೋಟೆಲ್‌ಗೆ ಯಾಕೆ ಹೋದೆ? ನಮ್ಮ ಸಭೆಯಲ್ಲಿ ಊಟ ಬಂದಿರಲಿಲ್ಲ ಅಂತ. ಕರಪತ್ರದಲ್ಲಿ ಹನ್ನೊಂದು ಗಂಟೆ ಅಂತಿರ್ತದ, ಮುಖ್ಯ ಅತಿಥಿ ಬರುವುದು ಒಂದಕ್ಕೆ. ಹಾರ, ಶಾಲು, ಸ್ವಾಗತ, ಪ್ರಾಸ್ತಾವಿಕ. ಮೂರೂವರೆಗೆ ಊಟ. ವೇದಿಕೆ ಮೇಲಿದ್ದವರು ಮೊದಲ ಪಂಕ್ತಿ. ಹೆಣ್ಮಕ್ಕಳು ಬಡಿಸಲಿಕ್ಕೆ ನಿಲ್ತಾರ, ಮಕ್ಕಳು ಅವರ ಸೆರಗು ಹಿಡಿದು ನಿಲ್ತಾವ. ಪಲಾವು ಖಾರ, ಸಾರು ಖಾರ. ನೀರಿನ ಡ್ರಂಗೆ ಒಂದೇ ಗಿಲಾಸು. ಸಮಾನತೆ ಅಂದ್ರೆ ಅದೇ ಒಂದು ಗಿಲಾಸು ಅಂತ ಒಬ್ಬರು ಜೋಕ್ ಮಾಡಿದ್ದರು. ಹೋದ ವರ್ಷ ಬುದ್ಧ ಪೂರ್ಣಿಮೆಗೆ ಸನ್ನತಿಗೆ ಹೋಗಿದ್ದೆವು. ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಕಲ್ಲು ಸಿಕ್ಕ ಜಾಗವನ್ನ ಮಕ್ಕಳಿಗೆ ತೋರಿಸಬೇಕು ಅಂತ ಎಷ್ಟು ಆಸೆ ಇತ್ತು. ದಾರಿಗೆ ಮರ ನೆಡಿಸಿದ, ಬಾವಿ ತೋಡಿಸಿದ ರಾಜ ಅಂತ ಹೇಳಲಿಕ್ಕೆ ಹತ್ತಿದರೆ ಮಗ, "ಅವ್ವಾ, ನೀರು ಖಾಲಿ ಆಗ್ಯಾವ" ಅಂದ. ಮೂರು ಟೆಂಪೋ ಜನ ಬಂದಿದ್ದೆವು, ಬ್ಯಾನರ್ ಎರಡು ತಂದಿದ್ದೆವು, ನೀರಿನ ಕ್ಯಾನ್ ಒಂದೇ ತಂದಿದ್ದೆವು.

ಹೆಣ್ಮಕ್ಕಳು ಸಭೆಗೆ ಯಾಕೆ ಬರಲ್ಲ ಅಂತ ಪ್ರತಿ ಸಭೆಯಲ್ಲಿ ಒಬ್ಬರು ಕೇಳ್ತಾರ. ಮಕ್ಕಳು ಹಸೀತಾವ, ಅದಕ್ಕೆ ಬರಲ್ಲ. ದೊಡ್ಡ ಕಾರಣ ಬೇರೆ ಹುಡುಕಬ್ಯಾಡ್ರಿ.

ಬೇಡಿಕೆ ಪತ್ರದ ಕರಡು ನಾನು ಬರೆದಿದ್ದೀನಿ, ಆಫೀಸಿನಲ್ಲಿ ಅದೇ ಕೆಲಸ ನನ್ನದು. ಸಾರಿಗೆ ಸಂಸ್ಥೆಗೆ ಒಂದು. ಬಸ್ ಸ್ಟ್ಯಾಂಡ್ ಕ್ಯಾಂಟೀನ್ ಟೆಂಡರ್ ಕೊಡುವಾಗ ಹಾಲು, ಬಿಸಿನೀರು, ಖಾರ ಇಲ್ಲದ ಅನ್ನ ಬ್ಯಾಳಿ, ಕುದಿಸಿದ ಮೊಟ್ಟೆ ಇರಲೇಬೇಕು ಅಂತ ಕರಾರು ಹಾಕಬೇಕು. ಒಂದೇ ತರಹದ ಲೋಟ ಎಲ್ಲರಿಗೂ ಅಂತ ಗೋಡೆಗೆ ಬರೆಸಬೇಕು, ಕೆಳಗೆ ಕಾಯ್ದೆಯ ಕಲಂ ಹಾಕಬೇಕು. ಎಳೆ ಕೂಸಿನ ತಾಯಂದಿರಿಗೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ನೀರಿರುವ ಶೌಚಾಲಯ. ಮಳಿಗೆ ಹಂಚುವಾಗ ನಮ್ಮ ಹೆಣ್ಮಕ್ಕಳ ಸ್ವಸಹಾಯ ಸಂಘಕ್ಕೆ ಒಂದು ಮಳಿಗೆ. ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿಕೊಂಡು ಅವರು ರೊಟ್ಟಿ ಮಾರಲಿ, ಗಿರಾಕಿ ಎಷ್ಟು ಅರ್ಧ ಆಗ್ತಾವ ನೋಡೋಣ.

ಇಂದಿರಾ ಕ್ಯಾಂಟೀನ್ ಬಗ್ಗೆ ಇನ್ನೊಂದು. 2017ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ಶುರುವಾದ ಯೋಜನೆ ಅದು. ಐದು ರೂಪಾಯಿಗೆ ನಾಷ್ಟಾ, ಹತ್ತು ರೂಪಾಯಿಗೆ ಊಟ, ಕೂಪನ್ ತಗೊಂಡು ಸಾಲಿನಲ್ಲಿ ನಿಲ್ಲಬೇಕು, ತಾಟು ಎಲ್ಲರಿಗೂ ಒಂದೇ. ಜಾತಿ ಕೇಳುವ ಗಲ್ಲಾ ಇಲ್ಲದ ಊಟದ ಮನೆ ಅಂತ ನಾನು ಅದನ್ನ ಬಾಳ ಮೆಚ್ಚುತ್ತೀನಿ. ಆದರೆ ನಿಂತು ಉಣ್ಣುವ ಕಟ್ಟೆ ನನ್ನ ಮಗಳ ತಲೆಗಿಂತ ಎತ್ತರ ಇರ್ತದ. ಹೊತ್ತು ಮೀರಿದರೆ ಬಾಗಿಲು ಹಾಕಿರ್ತದ, ಮಕ್ಕಳ ಹಸಿವು ಹೊತ್ತು ನೋಡಲ್ಲ. ತಾಲ್ಲೂಕು ಊರುಗಳಲ್ಲಿ ಬಸ್ ಸ್ಟ್ಯಾಂಡ್ ಬಾಜೂಕ ಇರಬೇಕು, ಒಂದು ತಗ್ಗಿನ ಬೆಂಚು ಇರಬೇಕು, ಮಧ್ಯಾಹ್ನ ನಾಲ್ಕರ ತನಕ ಏನಾದರೂ ಸಿಗಬೇಕು. ದೊಡ್ಡ ಖರ್ಚಿನದೇನಲ್ಲ.

ಆ ಹಿರಿಯ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಮನೆಯಾಕಿನೂ ಮೊದಲ್ ಬರ್ತಿದ್ದಳು ಸಭೆಗೆ. ಮಕ್ಕಳು ಹುಟ್ಟಿದ ಮ್ಯಾಲ ಬಿಟ್ಟಳು. ನಾ ಯಾಕಂತ ಕೇಳೇ ಇಲ್ಲ ತಂಗೀ" ಅಂದರು. ಬೇಡಿಕೆ ಪತ್ರಕ್ಕೆ ಮೊದಲ ಸಹಿ ಅವರದೇ.

ಚಿಂಚೋಳಿ ಸಭೆ ಬರುವ ತಿಂಗಳು ಎರಡನೇ ಭಾನುವಾರ. ಮಕ್ಕಳ ಊಟ ಹನ್ನೆರಡೂವರೆಗೆ, ಅತಿಥಿ ಬಂದಿರಲಿ ಬಿಡಲಿ. ಅಲ್ಲಿನ ಅಕ್ಕ ಒಬ್ಬರು ಅನ್ನ, ಬರೇ ಬ್ಯಾಳಿ, ಮೊಟ್ಟೆ ಕುದಿಸಿ ಕೊಡ್ತೀನಿ ಅಂದಾರ. ಬಡಿಸುವುದು ಗಂಡಸರು, ಇದು ತೀರ್ಮಾನ ಆಗ್ಯಾದ. ಸಣ್ಣ ಸ್ಟೀಲ್ ಗಿಲಾಸು ಹನ್ನೆರಡು ನಮ್ಮ ಮನೆಯಿಂದ ತರ್ತೀನಿ, ಹಾಲೂ ತರ್ತೀನಿ. ಬಾಳೆಹಣ್ಣು ಯಾರು ತರ್ತೀರಿ, ಚಾಪೆ ಯಾರು ತರ್ತೀರಿ, ನಿಮ್ಮ ಕಡೆಯಿಂದ ಎಷ್ಟು ಮಕ್ಕಳು ಬರ್ತಾವ, ಕೆಳಗೆ ಬರೀರಿ.

ಜೈ ಭೀಮ್.